ಕಬ್ಬಿಣದ ಕಲ್ಲಿನ ಸಹವಾಸ

(ಶಿವಮೊಗ್ಗದಲ್ಲಿ ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಸಾರ್ವಜನಿಕರೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಅದಿರಿನ ವಿಚಾರ ಬಂದಾಗಲೆಲ್ಲ ನಾವು ಮೊದಲು ಕೇಳುವುದು ಅದರಲ್ಲಿ ಲೋಹ ಶೇಕಡಾ ಎಷ್ಟಿದೆ ಎಂದು. ಪತ್ರಿಕೆಗಳು ಹಾಗೆಯೇ ಬರೆಯುತ್ತವೆ. ವರದಿಗಳೂ ಆ ಅಂಕಿಯಿಂದಲೇ ಆರಂಭವಾಗುತ್ತವೆ. ಖನಿಜ ಸಂಸ್ಕರಣೆಯಲ್ಲಿ ಸಂಶೋಧನೆ ಮಾಡುವವರಿಗೆ ಅದು ಎರಡನೆಯ ಪ್ರಶ್ನೆ ಎಂಬುದನ್ನು ಈ ದಿನ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಅವರ ಮೊದಲ ಪ್ರಶ್ನೆಯೇ ಬೇರೆ: ಆ ಲೋಹ ಕಲ್ಲಿನೊಳಗೆ ಯಾವುದರ ಜೊತೆಯಲ್ಲಿದೆ, ಎಷ್ಟು ಸಣ್ಣ ಕಣವಾಗಿದೆ, ಬಿಡಿಸಲು ಹೋದರೆ ಎಲ್ಲಿ ಬಿಡುತ್ತದೆ, ಎಲ್ಲಿ ಬಿಡುವುದಿಲ್ಲ? ಇದನ್ನು ವಿವರಿಸಲು ದೂರದ ಉದಾಹರಣೆಗಳು ಬೇಕಿಲ್ಲ. ಶಿವಮೊಗ್ಗದಿಂದ ನೇರ ಗೆರೆ ಎಳೆದು ಅಳೆದರೆ ನೂರು ಕಿಲೋಮೀಟರಿನೊಳಗೆ ಕೆಮ್ಮಣ್ಣುಗುಂಡಿ, ಕುದುರೆಮುಖ ಮತ್ತು ಚನ್ನಗಿರಿ ಕಡೆಯ ಮಸಣಿಕೆರೆ ಮೂರೂ ಸಿಗುತ್ತವೆ. ಮೂರರಲ್ಲಿಯೂ ಕಬ್ಬಿಣವಿದೆ. ಒಂದರಿಂದ ಕಾರ್ಖಾನೆ ಹುಟ್ಟಿತು. ಇನ್ನೊಂದಕ್ಕೆ ಆರು ದಶಕಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು. ಮೂರನೆಯದು ಇನ್ನೂ ಪ್ರಯೋಗಾಲಯದ ಮಾತಾಗಿಯೇ ಉಳಿದಿದೆ. ಶೇಕಡಾವಾರು ಅಂಕಿಯೊಂದರಿಂದಲೇ ಈ ವ್ಯತ್ಯಾಸವನ್ನು ವಿವರಿಸಲಾಗದು.

ಕಾರ್ಖಾನೆಗಳಿಗಿಂತ ಹಿಂದಿನ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800 ಮತ್ತು 1801ರಲ್ಲಿ ಮೈಸೂರು ಸೀಮೆಯಲ್ಲೆಲ್ಲ ಸಂಚರಿಸಿದಾಗ ಹಳ್ಳಿಗಳಲ್ಲಿ ಕಬ್ಬಿಣ ಕರಗಿಸುವವರ ಕೆಲಸವನ್ನು ನೋಡಿ ವಿವರವಾಗಿ ಬರೆದಿಟ್ಟಿದ್ದಾನೆ. ಮಣ್ಣಿನ ಕುಲುಮೆ, ಚರ್ಮದ ತಿದಿ, ಇದ್ದಿಲು ಇವು ನಮಗೆಲ್ಲ ತಿಳಿದಿರುವಂಥವು. ನನ್ನ ಗಮನ ಸೆಳೆಯುವುದು ಅವರ ಕಚ್ಚಾ ವಸ್ತು. ಹಲವೆಡೆ ಅವರು ಬೆಟ್ಟವನ್ನು ಅಗೆಯುತ್ತಿರಲಿಲ್ಲ. ಮಳೆಗಾಲದಲ್ಲಿ ಹಳ್ಳಗಳು ಕೊಚ್ಚಿ ತಂದ ಕರಿ ಮರಳನ್ನು ನೀರಿನಲ್ಲಿ ತೊಳೆದು, ಭಾರವಾದದ್ದನ್ನು ಉಳಿಸಿಕೊಂಡು, ಹಗುರವಾದದ್ದನ್ನು ಬಿಟ್ಟುಬಿಡುತ್ತಿದ್ದರು. ಆ ಕರಿ ಮರಳು ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್. ಅದರ ಸಾಂದ್ರತೆ ನೀರಿನ ಐದು ಪಟ್ಟಿಗೂ ಹೆಚ್ಚು, ಬಿಳಿಕಲ್ಲಿನ (ಕ್ವಾರ್ಟ್ಸ್) ಮರಳಿನದು 2.65 ಪಟ್ಟು ಮಾತ್ರ. ಕಲ್ಲನ್ನು ಪುಡಿ ಮಾಡುವ ಕೆಲಸವನ್ನು ಬಿಸಿಲು, ಮಳೆ ಮತ್ತು ಹಳ್ಳಗಳು ಸಾವಿರಾರು ವರ್ಷ ನಿಧಾನವಾಗಿ, ಪುಕ್ಕಟೆಯಾಗಿ ಮಾಡಿಕೊಟ್ಟಿದ್ದವು. ಖನಿಜ ಸಂಸ್ಕರಣೆಯಲ್ಲಿ ಅತಿ ದುಬಾರಿಯಾದ ಕೆಲಸ ಪುಡಿ ಮಾಡುವುದು ಎಂಬುದನ್ನು ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ. ಆಗ ಈ ಜನರ ಆಯ್ಕೆಯ ಬೆಲೆ ತಿಳಿಯುತ್ತದೆ. ಅವರ ಕುಲುಮೆಯ ಶಾಖ ಸುಮಾರು 1200 ಡಿಗ್ರಿ; ಕಬ್ಬಿಣ ಕರಗುವುದು 1538 ಡಿಗ್ರಿಯಲ್ಲಿ. ಆದ್ದರಿಂದ ಕಬ್ಬಿಣ ದ್ರವವಾಗದೆ ಮೆತ್ತನೆಯ ಉಂಡೆಯಾಗಿ ಬರುತ್ತಿತ್ತು, ಅದಿರಿನ ಕಲ್ಮಶ ಕರಗಿದ ಕಿಟ್ಟ ಮಾತ್ರ ಹರಿದು ಹೋಗುತ್ತಿತ್ತು. ಅದಿರಿನ ಕಬ್ಬಿಣದ ದೊಡ್ಡ ಪಾಲು ಆ ಕಿಟ್ಟದಲ್ಲಿಯೇ ನಷ್ಟವಾಗುತ್ತಿತ್ತು. ಇದನ್ನು ಹಿಂದುಳಿದ ವಿಧಾನವೆಂದು ಪಕ್ಕಕ್ಕೆ ಸರಿಸಬೇಡಿ, ಮಸಣಿಕೆರೆಯ ಕಲ್ಲಿಗೆ ಬಂದಾಗ ಇದೇ ಕಿಟ್ಟದ ಸಹಾಯ ಬೇಕಾಗುತ್ತದೆ.

ಈಗ ಕೆಮ್ಮಣ್ಣುಗುಂಡಿ. ಬಾಬಾಬುಡನ್ ಗಿರಿಸಾಲಿನ ಈ ಅದಿರು ಮುಖ್ಯವಾಗಿ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಮತ್ತು ಅದಕ್ಕೆ ನೀರು ಸೇರಿದ ರೂಪವಾದ ಗೋಥೈಟ್. ಇಲ್ಲಿಯೂ ಮೂಲದಲ್ಲಿ ಇದ್ದದ್ದು ಪಟ್ಟೆಪಟ್ಟೆಯಾದ ಕಬ್ಬಿಣದ ಕಲ್ಲೇ, 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಕಬ್ಬಿಣ ಮತ್ತು ಬಿಳಿಕಲ್ಲಿನ ದ್ರವ್ಯವಾದ ಸಿಲಿಕಾ ಪದರ ಪದರವಾಗಿ ಕುಳಿತು ಆದದ್ದು. ಬೆಟ್ಟದ ನೆತ್ತಿಯಲ್ಲಿ ಮಳೆನೀರು ಇಳಿದಿಳಿದು ಸಿಲಿಕಾವನ್ನು ಕರಗಿಸಿ ಒಯ್ದಿತು, ಕಬ್ಬಿಣ ಉಳಿಯಿತು. ಅಂದರೆ ಇಲ್ಲಿ ಬೇರ್ಪಡಿಸುವ ಕೆಲಸವನ್ನು ಪ್ರಕೃತಿಯೇ ಮುಗಿಸಿತ್ತು. ಅಗೆದು, ಒಡೆದು, ಜರಡಿ ಹಿಡಿದು ನೇರವಾಗಿ ಕುಲುಮೆಗೆ ಹಾಕಬಹುದಾದ ಕಲ್ಲು ಇದು. ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ, ಅಂದರೆ ಹಳೆಯ ಬೆಂಕಿಪುರದಲ್ಲಿ, 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಕೈಗೆತ್ತಿಕೊಂಡು 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದಿರಿನ ಬಗ್ಗೆ ಅಂಥ ತೊಡಕೇನೂ ಇರಲಿಲ್ಲ. ತೊಡಕು ಇದ್ದದ್ದು ಇಂಧನದಲ್ಲಿ. ಊದುಕುಲುಮೆಯ (ಬ್ಲಾಸ್ಟ್ ಫರ್ನೇಸ್) ಇಂಧನವಾದ ಕೋಕ್ ಮಾಡಲು ಯೋಗ್ಯವಾದ ಕಲ್ಲಿದ್ದಲು ಇರುವುದು ಝಾರ್ಖಂಡಿನ ಝರಿಯಾ ಕಡೆ, ಸಾವಿರದೈನೂರು ಕಿಲೋಮೀಟರಿಗೂ ಹೆಚ್ಚು ದೂರ. ಇಲ್ಲಿ ಸುತ್ತ ಇದ್ದದ್ದು ಕಾಡು. ಹೀಗಾಗಿ ಭದ್ರಾವತಿಯ ಊದುಕುಲುಮೆ ಇದ್ದಿಲಿನಿಂದ ನಡೆಯಿತು.

ಇದ್ದಿಲು ಎಂದರೆ ಹಿಂದುಳಿದ ಇಂಧನವೆಂದು ಭಾವಿಸಬೇಡಿ. ಅದರಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ, ಬೂದಿಯೂ ಕಡಿಮೆ. ಆದ್ದರಿಂದ ಇದ್ದಿಲಿನ ಬೀಡು ಕಬ್ಬಿಣದ ಗುಣ ಒಳ್ಳೆಯದು. ಅದರ ದೌರ್ಬಲ್ಯ ಬೇರೆ ಕಡೆ ಇದೆ: ಮೇಲಿನ ಭಾರ ತಾಳಲಾರದೆ ಪುಡಿಯಾಗುತ್ತದೆ. ಪುಡಿಯಾದರೆ ಗಾಳಿ ಮೇಲೇರುವುದಿಲ್ಲ. ಹಾಗಾಗಿ ಇದ್ದಿಲಿನ ಕುಲುಮೆಯನ್ನು ಕೋಕ್ ಕುಲುಮೆಯಷ್ಟು ಎತ್ತರಕ್ಕೆ ಕಟ್ಟಲಾಗದು. ಎತ್ತರ ಹೆಚ್ಚದಿದ್ದರೆ ಉತ್ಪಾದನೆಯೂ ಹೆಚ್ಚದು. ಇನ್ನು ಸೌದೆಯ ಲೆಕ್ಕ ನೋಡಿ. ಒಂದು ಟನ್ ಇದ್ದಿಲಿಗೆ ನಾಲ್ಕು ಟನ್ನಿನಷ್ಟು ಒಣ ಸೌದೆ ಬೇಕು. ಒಂದು ಟನ್ ಬೀಡು ಕಬ್ಬಿಣಕ್ಕೆ ಮುಕ್ಕಾಲು ಟನ್ನಿಗೂ ಹೆಚ್ಚು ಇದ್ದಿಲು ಬೇಕು. ಅಂದರೆ ಟನ್ ಕಬ್ಬಿಣಕ್ಕೆ ಮೂರು ಟನ್ನಿಗೆ ಕಡಿಮೆಯಿಲ್ಲದಷ್ಟು ಮರ. ಈ ವೆಚ್ಚವನ್ನು ತೂಗಿಸಿಕೊಳ್ಳಲು ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಇದ್ದಿಲಿನ ಜೊತೆಗೆ ಹೊರಬರುವ ಹೊಗೆಯನ್ನು ತಣ್ಣಗಾಗಿಸಿ, ಮೆಥನಾಲ್, ಅಸಿಟೇಟ್, ಡಾಂಬರುಗಳನ್ನು ತೆಗೆಯುವ ಘಟಕವನ್ನೂ ಭದ್ರಾವತಿಯಲ್ಲಿ ನಡೆಸಲಾಯಿತು. 1923ರಿಂದ 1929ರವರೆಗೆ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ವಿಶ್ವೇಶ್ವರಯ್ಯನವರು ಎದುರಿಸಿದ ಕಷ್ಟಗಳಲ್ಲಿ ಕಬ್ಬಿಣದ ಬೆಲೆ ಕುಸಿತದಷ್ಟೇ ಈ ಉಪ ಉತ್ಪನ್ನಗಳ ಮಾರುಕಟ್ಟೆಯೂ ಸೇರಿತ್ತು. ಲೋಹಶಾಸ್ತ್ರದ ಪುಸ್ತಕದಲ್ಲಿ ಕುಲುಮೆಯ ಚಿತ್ರವಿರುತ್ತದೆ, ಅದರ ಲೆಕ್ಕಪತ್ರ ಇರುವುದಿಲ್ಲ. ವಿದ್ಯಾರ್ಥಿಗಳು ಎರಡನ್ನೂ ಓದುವ ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು.

ಜೋಗದಲ್ಲಿ 1940ರ ದಶಕದ ಕೊನೆಯಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದ ಮೇಲೆ ಭದ್ರಾವತಿ ಇನ್ನೊಂದು ದಾರಿ ಹಿಡಿಯಿತು. 1950ರ ದಶಕದಲ್ಲಿ ಇಲ್ಲಿ ವಿದ್ಯುತ್ ಕುಲುಮೆಗಳಲ್ಲಿ ಅದಿರಿನಿಂದ ನೇರವಾಗಿ ಬೀಡು ಕಬ್ಬಿಣ ತೆಗೆಯಲಾಯಿತು. ನಾರ್ವೆಯಲ್ಲಿ ರೂಪುಗೊಂಡ ಈ ವಿಧಾನದಲ್ಲಿ ಶಾಖವನ್ನು ವಿದ್ಯುತ್ ಕೊಡುತ್ತದೆ. ಇಂಗಾಲ ಬೇಕಾಗುವುದು ಅದಿರಿನಿಂದ ಆಮ್ಲಜನಕವನ್ನು ಕಸಿದುಕೊಳ್ಳುವುದಕ್ಕೆ ಮಾತ್ರ. ಕುಲುಮೆ ಗಿಡ್ಡವಾದದ್ದರಿಂದ ಮೆತ್ತನೆಯ ಇದ್ದಿಲೂ ನಡೆಯುತ್ತದೆ. ಟನ್ ಕಬ್ಬಿಣಕ್ಕೆ 2000 ಯೂನಿಟ್ಟಿಗೂ ಹೆಚ್ಚು ವಿದ್ಯುತ್ ಬೇಕಾದ್ದರಿಂದ, ಅಗ್ಗದ ಜಲವಿದ್ಯುತ್ ಇರುವವರೆಗೆ ಮಾತ್ರ ಈ ದಾರಿ ನಡೆಯುತ್ತದೆ. ಬೆಂಗಳೂರಿನ ಕಾರ್ಖಾನೆಗಳಿಗೂ ಮನೆಗಳಿಗೂ ಅದೇ ವಿದ್ಯುತ್ ಬೇಕಾದಾಗ ದರ ಏರಿತು, ಆಸರೆ ತಪ್ಪಿತು. ಇಲ್ಲಿ ಒಂದು ಅಡ್ಡ ಮಾತು ಹೇಳಬೇಕು. ಕಲ್ಲಿದ್ದಲಿಲ್ಲದೆ ಉಕ್ಕು ಮಾಡುವುದು ಹೇಗೆ ಎಂಬುದು ಈಗ ಜಗತ್ತಿನ ಲೋಹಶಾಸ್ತ್ರದ ಅತಿ ದೊಡ್ಡ ಸಂಶೋಧನೆಯ ವಿಷಯ. ಸ್ವೀಡನ್ನಿನಲ್ಲಿ 2021ರಲ್ಲಿ ಜಲಜನಕದಿಂದ ಅಪಕರ್ಷಿಸಿದ (ಆಮ್ಲಜನಕ ಕಸಿದ) ಕಬ್ಬಿಣದಿಂದ ಉಕ್ಕು ತಯಾರಿಸಿ ತೋರಿಸಿದರು. ಬ್ರೆಜಿಲ್ಲಿನಲ್ಲಿ ನೆಡುತೋಪಿನ ನೀಲಗಿರಿ ಮರದ ಇದ್ದಿಲಿನಿಂದ ಸಣ್ಣ ಊದುಕುಲುಮೆಗಳು ಇಂದಿಗೂ ನಡೆಯುತ್ತಿವೆ. ಜೈವಿಕ ಇಂಗಾಲ ಮತ್ತು ಜಲವಿದ್ಯುತ್ ಎಂದು ಈಗ ಪ್ರಬಂಧಗಳಲ್ಲಿ ಬರುವ ಎರಡು ದಾರಿಗಳನ್ನೂ ಭದ್ರಾವತಿ ಅನಿವಾರ್ಯವಾಗಿ ತುಳಿದಿತ್ತು. ಅದರ ದಿನವಹಿ ದಾಖಲೆಗಳು ಎಲ್ಲಿಯಾದರೂ ಉಳಿದಿದ್ದರೆ ಅವು ಇತಿಹಾಸಕಾರರಿಗಿಂತ ಹೆಚ್ಚಾಗಿ ಇಂದಿನ ಸಂಶೋಧಕರಿಗೆ ಬೇಕಾದವು. ಆದರೆ ಆಗ ಕಡಿದದ್ದು ಸಹಜ ಕಾಡನ್ನು ಎಂಬುದನ್ನು ಮರೆತು ಇದನ್ನು ಹೊಗಳುವುದು ಸರಿಯಲ್ಲ.

ಕೆಮ್ಮಣ್ಣುಗುಂಡಿಯಂಥ ಅದಿರಿನ ತೊಂದರೆ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಮಳೆ ಸಿಲಿಕಾವನ್ನು ಒಯ್ಯುತ್ತದೆ, ಅಲ್ಯೂಮಿನಾವನ್ನು ಒಯ್ಯುವುದಿಲ್ಲ. ಜಂಬಿಟ್ಟಿಗೆಯಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಾ ಎರಡೂ ಒಟ್ಟಿಗೆ ಉಳಿಯುವುದು ಇದೇ ಕಾರಣದಿಂದ. ಅಲ್ಯೂಮಿನಾ ಜೇಡಿಯಾಗಿ ಪ್ರತ್ಯೇಕ ಕಣಗಳಲ್ಲಿದ್ದರೆ ತೊಳೆದು ತೆಗೆಯಬಹುದು. ಗೋಥೈಟಿನ ಹರಳಿನೊಳಗೆ ಕಬ್ಬಿಣದ ಪರಮಾಣುವಿನ ಜಾಗದಲ್ಲಿ ಅಲ್ಯೂಮಿನಿಯಂ ಪರಮಾಣು ಕುಳಿತಿದ್ದರೆ ಯಾವ ತೊಳೆತವೂ ಅದನ್ನು ತಾಕಲಾರದು. ರಾಸಾಯನಿಕ ವಿಶ್ಲೇಷಣೆಯಲ್ಲಿ ಎರಡಕ್ಕೂ ಒಂದೇ ಅಂಕಿ ಬರುತ್ತದೆ. ಅವುಗಳ ನಡುವಿನ ಭೇದವನ್ನು ತೋರಿಸುವುದು ಸೂಕ್ಷ್ಮದರ್ಶಕ ಮತ್ತು ಎಕ್ಸ್-ರೇ.

ಎರಡನೆಯ ಕಲ್ಲಿಗೆ, ಅಂದರೆ ಕುದುರೆಮುಖದ ಕಲ್ಲಿಗೆ ಬರೋಣ. ಮಲೆನಾಡಿನವರಾದ ನಿಮಗೆ ಅಡಿಕೆ ಸುಲಿಯುವುದು ಗೊತ್ತು. ಸಿಪ್ಪೆಗೂ ಒಳಗಿನ ಬೆಟ್ಟೆಗೂ ನಡುವೆ ಒಂದು ಸಹಜವಾದ ಗಡಿ ಇದೆ. ಕತ್ತಿ ಆ ಗಡಿಯನ್ನು ಹಿಡಿದರೆ ಅಡಿಕೆ ಇಡಿಯಾಗಿ ಹೊರಬರುತ್ತದೆ, ತಪ್ಪಿದರೆ ಸಿಪ್ಪೆಯ ಜೊತೆ ಅಡಿಕೆಯ ಚೂರೂ ಹೋಗುತ್ತದೆ. ಕಲ್ಲನ್ನು ಪುಡಿ ಮಾಡುವುದರ ಉದ್ದೇಶವೂ ಖನಿಜಗಳ ನಡುವಿನ ಗಡಿಯನ್ನು ಬಿಡಿಸುವುದೇ. ವ್ಯತ್ಯಾಸವೆಂದರೆ ಗಿರಣಿಗೆ ಗಡಿ ಕಾಣುವುದಿಲ್ಲ. ಅದು ಸಿಕ್ಕಲ್ಲಿ ಒಡೆಯುತ್ತದೆ. ಆದ್ದರಿಂದ ಕಣದ ಗಾತ್ರ ಗಡಿಗಡಿಗಳ ನಡುವಿನ ಅಂತರಕ್ಕಿಂತ ಸಣ್ಣದಾಗುವವರೆಗೆ ಅರೆಯುತ್ತಲೇ ಇರಬೇಕು.

ಕುದುರೆಮುಖದ ನಿಕ್ಷೇಪವನ್ನು 1913ರಲ್ಲಿಯೇ ಮೈಸೂರಿನ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದರು. ಅಲ್ಲಿಯ ಕಲ್ಲು ಮ್ಯಾಗ್ನೆಟೈಟ್ ಮತ್ತು ಬಿಳಿಕಲ್ಲಿನ ಪಟ್ಟೆಗಳದು; ಕಬ್ಬಿಣ ಸುಮಾರು ಶೇಕಡಾ 38. ಕೆಮ್ಮಣ್ಣುಗುಂಡಿಯ ಶ್ರೀಮಂತ ಕಲ್ಲು ಪಕ್ಕದಲ್ಲಿರುವಾಗ ಇದನ್ನು ಯಾರೂ ಅದಿರೆಂದು ಎಣಿಸಲಿಲ್ಲ. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಡೇವಿಸ್ ಎಂಬ ಸಂಶೋಧಕರು ಟಾಕೊನೈಟ್ ಎಂಬ ಇಂಥದ್ದೇ ಬಡ ಕಲ್ಲನ್ನು ಕೈಗೆತ್ತಿಕೊಂಡಿದ್ದರು. ಅರೆದು, ಅಯಸ್ಕಾಂತದಿಂದ ಮ್ಯಾಗ್ನೆಟೈಟನ್ನು ಸೆಳೆದು, ನುಣ್ಣನೆಯ ಪುಡಿಯನ್ನು ಉಂಡೆ ಕಟ್ಟಿ ಸುಟ್ಟು ಕುಲುಮೆಗೆ ಹಾಕುವ ಸಂಪೂರ್ಣ ಕ್ರಮ ರೂಪುಗೊಂಡು, ದೊಡ್ಡ ಪ್ರಮಾಣದ ಕಾರ್ಖಾನೆಯಾಗಿ ನಡೆಯಲು 1955ರವರೆಗೆ ಸಮಯ ಹಿಡಿಯಿತು. ಒಂದೇ ಬಗೆಯ ಕಲ್ಲಿನ ಮೇಲೆ ನಾಲ್ಕು ದಶಕಗಳ ತಾಳ್ಮೆ ಅದು. ನೀವು ಪ್ರಯೋಗಾಲಯದಲ್ಲಿ ಬಳಸುವ ಡೇವಿಸ್ ಟ್ಯೂಬ್ ಅವರದೇ ಕೊಡುಗೆ: ಅಯಸ್ಕಾಂತದ ನಡುವೆ ಓರೆಯಾಗಿ ನಿಲ್ಲಿಸಿದ ಗಾಜಿನ ಕೊಳವೆ, ಅದರೊಳಗೆ ಹರಿಯುವ ನೀರು, ಹಿಂದೆ ಮುಂದೆ ಅಲ್ಲಾಡುವ ಚಲನೆ. ಈ ಸರಳ ಸಾಧನ ಒಂದು ಮ್ಯಾಗ್ನೆಟೈಟ್ ಕಲ್ಲನ್ನು ಎಷ್ಟು ನುಣ್ಣಗೆ ಅರೆದರೆ ಎಷ್ಟು ಶುದ್ಧವಾದ ಕಬ್ಬಿಣ ಸಿಗುತ್ತದೆ ಎಂಬುದನ್ನು ಅರ್ಧ ದಿನದಲ್ಲಿ ಹೇಳಿಬಿಡುತ್ತದೆ.

ಈಗ ಅರೆಯುವ ವೆಚ್ಚ. ಫ್ರೆಡ್ ಬಾಂಡ್ 1952ರಲ್ಲಿ ಮಂಡಿಸಿದ ಸೂತ್ರದ ಪ್ರಕಾರ ಅರೆಯಲು ಬೇಕಾದ ಶಕ್ತಿ ಕಣದ ಗಾತ್ರದ ವರ್ಗಮೂಲಕ್ಕೆ ವಿಲೋಮವಾಗಿ ಏರುತ್ತದೆ. ಕಲ್ಲಿನ ಗಡಸುತನದ ಸೂಚ್ಯಂಕ 12 ಎಂದಿಟ್ಟುಕೊಳ್ಳಿ. ಇದು ನಮ್ಮ ಲೆಕ್ಕಕ್ಕಾಗಿ ಹಿಡಿದ ಅಂಕಿ. ಹತ್ತು ಮಿಲಿಮೀಟರಿನ ಜಲ್ಲಿಯನ್ನು 100 ಮೈಕ್ರಾನಿಗೆ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇಳಿಸಲು ಟನ್ನಿಗೆ 10.8 ಯೂನಿಟ್ ಬೇಕು. ಅದನ್ನೇ 25 ಮೈಕ್ರಾನಿಗೆ ಇಳಿಸಬೇಕಾದರೆ 22.8 ಯೂನಿಟ್. ಇದು ಒಂದು ಟನ್ ಕಲ್ಲಿನ ಲೆಕ್ಕ. ಮೂರು ಟನ್ ಕಲ್ಲಿಗೆ ಒಂದು ಟನ್ ಸಾರೀಕೃತ ಅದಿರು, ಅಂದರೆ ಕಲ್ಮಶ ಬೇರ್ಪಡಿಸಿ ಲೋಹದ ಪಾಲು ಹೆಚ್ಚಿಸಿದ ಅದಿರು, ಸಿಗುವಂತಿದ್ದರೆ, ನಾವು ಮಾರುವ ಪ್ರತಿ ಟನ್ನಿನ ಮೇಲೆ ಆ ವೆಚ್ಚ ಮೂರು ಪಟ್ಟಾಗಿ ಬೀಳುತ್ತದೆ. ಹೀಗಾಗಿಯೇ ಸಂಶೋಧಕರು ಎಲ್ಲವನ್ನೂ ಒಂದೇ ಸಲ ನುಣ್ಣಗೆ ಅರೆಯುವುದಿಲ್ಲ. ಮೊದಲು ದಪ್ಪನಾಗಿ ಅರೆದು, ಶುದ್ಧ ಬಿಳಿಕಲ್ಲಾಗಿ ಬಿಡಿಸಿಕೊಂಡದ್ದನ್ನು ಅಲ್ಲಿಯೇ ಎಸೆದು, ಉಳಿದದ್ದನ್ನು ಮಾತ್ರ ಮತ್ತೆ ಅರೆಯುತ್ತಾರೆ.

ಕುದುರೆಮುಖ ಕಬ್ಬಿಣ ಅದಿರು ಕಂಪನಿ 1976ರಲ್ಲಿ ಸ್ಥಾಪನೆಯಾಯಿತು. ಇರಾನ್ ಸಾಲ ಕೊಟ್ಟು, ವರ್ಷಕ್ಕೆ 75 ಲಕ್ಷ ಟನ್ ಸಾರೀಕೃತ ಅದಿರನ್ನು ತಾನೇ ಕೊಳ್ಳುವುದೆಂದು ಒಪ್ಪಂದವಾಗಿತ್ತು. ಘಟಕ ಸಿದ್ಧವಾಗುವ ಹೊತ್ತಿಗೆ 1979ರ ಕ್ರಾಂತಿ ನಡೆದು, ಕೊಳ್ಳುವವರೇ ಇಲ್ಲವಾದರು. ಅದು ಬೇರೆಯೇ ಕಥೆ. ನಮಗೆ ಬೇಕಾದದ್ದು ಕಲ್ಲಿನ ಕಥೆ. ಪಾಠಪುಸ್ತಕದ ಪ್ರಕಾರ ಮ್ಯಾಗ್ನೆಟೈಟ್ ಅಯಸ್ಕಾಂತಕ್ಕೆ ಅಂಟುತ್ತದೆ, ಕೆಲಸ ಸುಲಭ. ಆದರೆ ವರ್ಷಕ್ಕೆ ಆರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಆ ಬೆಟ್ಟದಲ್ಲಿ ಮೇಲ್ಪದರದ ಮ್ಯಾಗ್ನೆಟೈಟ್ ಆಮ್ಲಜನಕ ಹೀರಿ ಹೆಮಟೈಟಾಗಿ ಮಾರ್ಪಟ್ಟಿತ್ತು. ಆಕಾರ ಮ್ಯಾಗ್ನೆಟೈಟಿನದೇ, ಅಯಸ್ಕಾಂತದ ಗುಣ ಮಾತ್ರ ಹೋಗಿರುತ್ತದೆ. ಅಂಥ ಕಣವನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಸಾಂದ್ರತೆಯ ವ್ಯತ್ಯಾಸದಿಂದ, ಸುರುಳಿ ಆಕಾರದ ತೊಟ್ಟಿಗಳಲ್ಲಿ ನೀರಿನೊಡನೆ ಹರಿಸಿ ಹಿಡಿಯಬೇಕು. ಹಳ್ಳದ ಕರಿ ಮರಳನ್ನು ತೊಳೆಯುತ್ತಿದ್ದವರ ತತ್ವವೇ ಇದು. ಸಿಕ್ಕ ನುಣುಪು ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಒಯ್ದರು. ಅಲ್ಲಿ 1987ರಿಂದ ಉಂಡೆ ಕಟ್ಟುವ ಘಟಕವೂ ನಡೆಯಿತು. ಖನಿಜ ಬಿಡಿಸಲು ಬೇಕಾಗಿದ್ದ ನುಣುಪು ಕೊಳವೆಯಲ್ಲಿ ತಳಕ್ಕೆ ಕೂರದಿರಲೂ, ಉಂಡೆ ಕಟ್ಟಲೂ ನೆರವಾಯಿತು. ಮೂರು ಬೇರೆ ಬೇರೆ ಅಗತ್ಯಗಳು ಒಂದೇ ಗಾತ್ರದಲ್ಲಿ ಕೂಡಿಬಂದದ್ದು ಒಳ್ಳೆಯ ಎಂಜಿನಿಯರಿಂಗ್ ಎಂದೇ ನಾನು ಹೇಳುತ್ತೇನೆ.

ಹಾಗೆ ಹೇಳಿದ ಮೇಲೆ ಉಳಿಕೆಯ ಲೆಕ್ಕವನ್ನೂ ಹೇಳಬೇಕು. ಕಾಗದ ಇದ್ದವರು ಬರೆದುಕೊಳ್ಳಿ. ಮೂರು ಟನ್ ಕಲ್ಲು, ಶೇಕಡಾ 38ರಂತೆ, 1140 ಕಿಲೋ ಕಬ್ಬಿಣ. ಅದರಿಂದ ಒಂದು ಟನ್ ಸಾರೀಕೃತ ಅದಿರು, ಶೇಕಡಾ 67ರಂತೆ, 670 ಕಿಲೋ. ಉಳಿದ ಎರಡು ಟನ್ನಿನಲ್ಲಿ 470 ಕಿಲೋ ಕಬ್ಬಿಣ ಹಾಗೆಯೇ ಹೋಯಿತು. ಅಂದರೆ ಎಸೆದ ಪುಡಿಯಲ್ಲಿಯೂ ಶೇಕಡಾ 23.5 ಕಬ್ಬಿಣವಿದೆ. ಒಟ್ಟು ಕಬ್ಬಿಣದಲ್ಲಿ ನಾವು ಹಿಡಿದದ್ದು ಶೇಕಡಾ 59ರಷ್ಟು. ಇವು ದುಂಡು ಅಂಕಿಗಳು, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆದರೆ ಯಾವುದೇ ಘಟಕವನ್ನು ನೋಡಲು ಹೋದಾಗ ಈ ಮೂರು ಸಾಲಿನ ಲೆಕ್ಕವನ್ನು ಮೊದಲು ಹಾಕಿ. ಕಳೆದುಹೋದ ಆ ಕಬ್ಬಿಣ ಯಾವ ರೂಪದಲ್ಲಿದೆ? ಒಂದು ಪಾಲು ಸುರುಳಿಯಲ್ಲಿ ನಿಲ್ಲದಷ್ಟು ನುಣುಪಾದ ಹೆಮಟೈಟ್. ಇನ್ನೊಂದು ಪಾಲು ಬಿಳಿಕಲ್ಲಿನೊಳಗೆ ಬಿಡಿಸಿಕೊಳ್ಳದೆ ಉಳಿದ ಮ್ಯಾಗ್ನೆಟೈಟ್. ಇಂಥ ಪಟ್ಟೆಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರನೆಯದೂ ಇರುತ್ತದೆ: ಆಂಫಿಬೋಲ್ ಜಾತಿಯ ಸಿಲಿಕೇಟುಗಳ ಹರಳಿನ ಭಾಗವೇ ಆಗಿಹೋದ ಕಬ್ಬಿಣ. ಮೊದಲ ಎರಡಕ್ಕೆ ಸಂಶೋಧನೆಯಿಂದ ಉಪಾಯ ಕಾಣಬಹುದು. ಮೂರನೆಯದು ವಿಶ್ಲೇಷಣೆಯ ಕಾಗದದಲ್ಲಿ ಕಬ್ಬಿಣವೆಂದು ತೋರುತ್ತದೆ. ಗಿರಣಿ, ಅಯಸ್ಕಾಂತಗಳ ಪಾಲಿಗೆ ಅದು ಕಬ್ಬಿಣವೇ ಅಲ್ಲ.

ಆ ಎರಡು ಟನ್ ಹೋಗಿ ಕುಳಿತದ್ದು ಲಕ್ಯಾ ಅಣೆಕಟ್ಟಿನ ಹಿಂದೆ, ಭದ್ರೆಯನ್ನು ಸೇರುವ ಹೊಳೆಯೊಂದರ ಕಣಿವೆಯಲ್ಲಿ. ಅಣೆಯ ಎತ್ತರ ಸುಮಾರು 100 ಮೀಟರ್. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಸೀಮೆಯಲ್ಲಿ, ಅಷ್ಟು ಮಳೆಯ ನಡುವೆ ತೆರೆದ ಗಣಿ ನಡೆಸುವುದರ ವಿರುದ್ಧ ದೀರ್ಘ ಹೋರಾಟ ನಡೆದು, ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಮಿನೆಸೋಟಾದ ಆ ಮೊದಲ ಟಾಕೊನೈಟ್ ಕಾರ್ಖಾನೆಯೂ ತನ್ನ ಉಳಿಕೆಯನ್ನು ಸುಪೀರಿಯರ್ ಸರೋವರಕ್ಕೆ ಸುರಿದು, ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಹೋರಾಡಿ, ಕೊನೆಗೆ 1980ರಲ್ಲಿ ಸುರಿಯುವುದನ್ನು ನಿಲ್ಲಿಸಿತು. ನನ್ನ ಅಭಿಪ್ರಾಯ ಹೇಳುವುದಾದರೆ, ಎರಡೂ ಕಡೆ ಬಡ ಕಲ್ಲನ್ನು ಅದಿರಾಗಿಸಿದ ಸಂಶೋಧನೆ ಅಮೋಘವಾದದ್ದು. ಆದರೆ ಅದು ಸಾರೀಕೃತ ಅದಿರಿನ ಗುಣಮಟ್ಟದವರೆಗೆ ಮಾತ್ರ ನಡೆದು, ಉಳಿಕೆಯನ್ನು ಸಿವಿಲ್ ಎಂಜಿನಿಯರಿಗೆ ವಹಿಸಿ ಕೈತೊಳೆದುಕೊಂಡಿತು. ಬ್ರೆಜಿಲ್ಲಿನ ಬ್ರುಮಾಡಿನ್ಹೊ ಎಂಬಲ್ಲಿ 2019ರ ಜನವರಿಯಲ್ಲಿ ಕಬ್ಬಿಣದ ಅದಿರಿನ ಉಳಿಕೆಯ ಅಣೆ ಒಡೆದು 270 ಜನ ಸತ್ತ ಮೇಲೆ, 2020ರಲ್ಲಿ ಉಳಿಕೆಯ ನಿರ್ವಹಣೆಗೆ ಜಾಗತಿಕ ಮಾನದಂಡವೊಂದು ಬಂತು. ಉಳಿಕೆಯ ನೀರನ್ನು ಹಿಂಡಿ ತೆಗೆದು ಒಣ ಗುಡ್ಡೆಯಾಗಿ ಪೇರಿಸುವುದು ಈಗ ಎಲ್ಲರೂ ಸೂಚಿಸುವ ಮಾರ್ಗ. ಚಿಲಿಯ ಮರುಭೂಮಿಯಲ್ಲಿ ಅದು ಸಲೀಸು. ಆಗುಂಬೆಯ ಮಳೆಯ ಕೆಳಗೆ ಒಣ ಗುಡ್ಡೆ ಎಷ್ಟು ದಿನ ಒಣದಾಗಿರುತ್ತದೆ ಎಂಬುದನ್ನು ಯಾವ ವಿದೇಶಿ ಪ್ರಬಂಧವೂ ನಮಗೆ ಹೇಳಿಕೊಡಲಾರದು. ಅದು ಇಲ್ಲಿಯೇ ಅಳೆಯಬೇಕಾದ ವಿಷಯ.

ಮೂರನೆಯ ಕಲ್ಲು ಮಸಣಿಕೆರೆಯದು. 1997ರವರೆಗೆ ಚನ್ನಗಿರಿ ನಮ್ಮ ಜಿಲ್ಲೆಯಲ್ಲಿಯೇ ಇತ್ತು, ಆದ್ದರಿಂದ ಇದನ್ನು ನಮ್ಮ ಕಲ್ಲೆಂದೇ ಹೇಳಿಕೊಳ್ಳುತ್ತೇನೆ. ಶಿಲಾರಸ ಗಟ್ಟಿಯಾಗಿ ಆದ ಗ್ಯಾಬ್ರೊ ಜಾತಿಯ ಶಿಲೆಗಳೊಳಗೆ ಪಟ್ಟಿಗಳಾಗಿ ಹಬ್ಬಿರುವ ಇದು ಕಪ್ಪಗೆ, ಭಾರವಾಗಿ, ಅಯಸ್ಕಾಂತಕ್ಕೆ ಥಟ್ಟನೆ ಅಂಟುವ ಕಲ್ಲು. ಕುದುರೆಮುಖದ ಕಲ್ಲಿಗಿಂತ ಇದರಲ್ಲಿ ಕಬ್ಬಿಣ ಹೆಚ್ಚು; ಆದರೂ ಯಾವ ಊದುಕುಲುಮೆಗೂ ಇದು ಬೇಡ. ಕಾರಣ ಅದರ ಸಹವಾಸ, ಅಂದರೆ ಟೈಟೇನಿಯಂ. ಕರಗಿದ ಶಿಲಾರಸ ನಿಧಾನವಾಗಿ ತಣ್ಣಗಾಗುವಾಗ ಒಂದೇ ಹರಳಾಗಿದ್ದದ್ದು ಒಳಗೊಳಗೇ ಒಡೆದು, ಮ್ಯಾಗ್ನೆಟೈಟಿನ ಒಡಲಿನಲ್ಲಿ ಇಲ್ಮನೈಟ್ ಎಂಬ ಕಬ್ಬಿಣ-ಟೈಟೇನಿಯಂ ಆಕ್ಸೈಡಿನ ತೆಳು ಹಾಳೆಗಳು ಹೆಣೆದುಕೊಂಡವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಓರೆಯಾಗಿ ಒಂದನ್ನೊಂದು ಕತ್ತರಿಸುವ ಗೆರೆಗಳ ಸುಂದರ ಜಾಲ. ಕೆಲವು ಹಾಳೆಗಳ ದಪ್ಪ ಒಂದೆರಡು ಮೈಕ್ರಾನ್ ಮಾತ್ರ. ಈಗಷ್ಟೇ ಹಾಕಿದ ಬಾಂಡ್ ಲೆಕ್ಕವನ್ನು ಎರಡು ಮೈಕ್ರಾನಿಗೆ ಹಾಕಿ ನೋಡಿ, ಉತ್ತರ ತಾನಾಗಿಯೇ ಸಿಗುತ್ತದೆ. ಹಾಗೂ ಹೀಗೂ ಅರೆದರೂ ಅಷ್ಟು ನುಣುಪಾದ ಕಣಗಳನ್ನು ಬೇರ್ಪಡಿಸುವ ಯಂತ್ರ ಸರಿಯಾಗಿ ಕೆಲಸ ಮಾಡುವುದಿಲ್ಲ.

ಬೇರ್ಪಡಿಸದೆ ಹಾಗೆಯೇ ಕುಲುಮೆಗೆ ಹಾಕಿದರೆ? ಊದುಕುಲುಮೆಯ ತೀವ್ರ ಶಾಖದಲ್ಲಿ, ಹೇರಳ ಇಂಗಾಲದ ನಡುವೆ, ಟೈಟೇನಿಯಂ ಆಕ್ಸೈಡಿನ ಒಂದು ಪಾಲು ಕಾರ್ಬೈಡ್ ಮತ್ತು ನೈಟ್ರೈಡ್ ಆಗಿ ಬದಲಾಗುತ್ತದೆ. ಇವು ಕರಗುವುದು ಸುಮಾರು 3000 ಡಿಗ್ರಿಯಲ್ಲಿ. ಅಂದರೆ ಕುಲುಮೆಯಲ್ಲಿ ಎಂದಿಗೂ ಕರಗುವುದಿಲ್ಲ. ಘನ ಕಣಗಳು ತೇಲುತ್ತಿರುವ ಕಿಟ್ಟ ಮಂದವಾಗಿ, ಹರಿಯದೆ, ಕುಲುಮೆಯ ತಳದಲ್ಲಿಯೇ ಗಟ್ಟಿಗೊಳ್ಳುತ್ತದೆ. ಒಂದು ತಮಾಷೆಯ ಸಂಗತಿ: ತಳದ ಇಟ್ಟಿಗೆ ಸವೆದ ಹಳೆಯ ಕುಲುಮೆಗಳಿಗೆ ಎಂಜಿನಿಯರುಗಳು ಬೇಕೆಂದೇ ಸ್ವಲ್ಪ ಟೈಟೇನಿಯಂ ಅದಿರು ಹಾಕಿ, ಇದೇ ಕರಗದ ಪದರದಿಂದ ತೂತು ಮುಚ್ಚಿಸಿಕೊಳ್ಳುತ್ತಾರೆ.

ಹಳೆಯ ಕುಲುಮೆಯ ಕಿಟ್ಟವನ್ನು ಈಗ ನೆನಪಿಸಿಕೊಳ್ಳಿ. ಜಪಾನಿನಲ್ಲಿ ಶತಮಾನಗಳ ಕಾಲ ತತಾರಾ ಎಂಬ ಮಣ್ಣಿನ ಕುಲುಮೆಗಳಲ್ಲಿ ಟೈಟೇನಿಯಂ ಬೆರೆತ ಕಬ್ಬಿಣದ ಮರಳಿನಿಂದಲೇ ಕತ್ತಿಯ ಉಕ್ಕು ತೆಗೆದರು. ಅಲ್ಲಿ ಶಾಖ ಕಡಿಮೆ, ಕಿಟ್ಟದಲ್ಲಿ ಕಬ್ಬಿಣದ ಆಕ್ಸೈಡ್ ಹೇರಳ. ಅಂಥ ಕಿಟ್ಟ ಟೈಟೇನಿಯಂ ಆಕ್ಸೈಡನ್ನು ಕರಗಿಸಿಕೊಂಡು ತೆಳುವಾಗಿಯೇ ಹರಿಯುತ್ತದೆ, ಕಾರ್ಬೈಡ್ ಆಗಲು ಅವಕಾಶವೇ ಕೊಡುವುದಿಲ್ಲ. ಕಬ್ಬಿಣದ ಒಂದು ಪಾಲನ್ನು ಬಿಟ್ಟುಕೊಟ್ಟು ಉಳಿದದ್ದನ್ನು ಪಡೆಯುವ ಒಪ್ಪಂದ ಅದು. ಆಧುನಿಕ ವಿಧಾನಗಳೂ ಇದನ್ನೇ ಹತೋಟಿಯಲ್ಲಿಟ್ಟು ಮಾಡುತ್ತವೆ. ನ್ಯೂಜಿಲೆಂಡಿನ ಗ್ಲೆನ್‌ಬ್ರೂಕ್ ಕಾರ್ಖಾನೆಯಲ್ಲಿ ಕಡಲತೀರದ ಟೈಟೇನಿಯಂ ಮರಳನ್ನು ತಿರುಗುವ ಗೂಡಿನಲ್ಲಿ ಕಲ್ಲಿದ್ದಲಿನೊಡನೆ ಮೊದಲೇ ಅಪಕರ್ಷಿಸಿ, ಅನಂತರ ವಿದ್ಯುತ್ ಕುಲುಮೆಯಲ್ಲಿ ಕರಗಿಸುತ್ತಾ ಬಂದರು. ಚೀನಾದ ಪಾಂಝಿಹುವಾದಲ್ಲಿ ಊದುಕುಲುಮೆಯನ್ನೇ ಹತೋಟಿಗೆ ತಂದರು. ಅದಕ್ಕೆ ದಶಕಗಳ ಪ್ರಯೋಗ ಬೇಕಾಯಿತು.

ಇಷ್ಟೆಲ್ಲ ಕಷ್ಟ ಏಕೆ ಎಂದು ನೀವು ಕೇಳಬಹುದು. ಕಾರಣ ಈ ಕಲ್ಲಿನಲ್ಲಿರುವ ವನಾಡಿಯಂ ಎಂಬ ಲೋಹ. ಅದು ಇಲ್ಮನೈಟಿನಲ್ಲಿಲ್ಲ, ಮ್ಯಾಗ್ನೆಟೈಟಿನ ಹರಳಿನಲ್ಲಿ ಕಬ್ಬಿಣದ ಪರಮಾಣುವಿನ ಜಾಗದಲ್ಲಿ ಕುಳಿತಿದೆ. ಉಕ್ಕಿಗೆ ಶೇಕಡಾ 0.1ರಷ್ಟು ಸೇರಿಸಿದರೂ ಅದರ ಬಲ ಗಣನೀಯವಾಗಿ ಏರುತ್ತದೆ. ವಿದ್ಯುತ್ ಸಂಗ್ರಹದ ದೊಡ್ಡ ದ್ರವ ಬ್ಯಾಟರಿಗಳಿಗೂ ಅದು ಬೇಕು. ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ವನಾಡಿಯಂ ಮತ್ತು ಟೈಟೇನಿಯಂ ಎರಡೂ ಇವೆ. ವನಾಡಿಯಂ ತೆಗೆಯಲು ಕುಲುಮೆಯ ಗೊಡವೆಯೇ ಇಲ್ಲದ ಮತ್ತೊಂದು ದಾರಿ ಇದೆ. ಅರೆದ ಕಲ್ಲಿಗೆ ವಾಷಿಂಗ್ ಸೋಡಾದಂಥ ಸೋಡಿಯಂ ಲವಣ ಬೆರೆಸಿ ಹುರಿದರೆ ವನಾಡಿಯಂ ನೀರಿನಲ್ಲಿ ಕರಗುವ ಸೋಡಿಯಂ ವನಾಡೇಟ್ ಆಗುತ್ತದೆ. ನೀರು ಹಾಕಿ ಕರಗಿಸಿ, ಅಮೋನಿಯಂ ಲವಣ ಸೇರಿಸಿದರೆ ಅದು ಹರಳಾಗಿ ಕೆಳಗೆ ಕೂರುತ್ತದೆ. ಇಲ್ಲಿ ಇಲ್ಮನೈಟಿನ ಜಾಲವನ್ನು ಬಿಡಿಸುವ ಅಗತ್ಯವೇ ಇಲ್ಲ. ಕಲ್ಲು ಬದಲಾಗಲಿಲ್ಲ, ಅದರ ಹತ್ತಿರ ನಾವು ಕೇಳುವ ಲೋಹ ಬದಲಾಯಿತು, ಅಷ್ಟೇ.

ಹಾಗಾದರೆ ಮಸಣಿಕೆರೆಯಲ್ಲಿ ಗಣಿ ತೆರೆಯಬೇಕೇ ಎಂದು ಸಭೆಯಿಂದ ಚೀಟಿ ಬಂದಿದೆ. ತೆರೆಯುವುದು ಬಿಡುವುದು ನನ್ನ ಕೈಯಲ್ಲಿಲ್ಲ; ಅದಕ್ಕೆ ಮೊದಲು ಆಗಬೇಕಾದ ಕೆಲಸದ ಕ್ರಮವನ್ನು ಹೇಳಬಲ್ಲೆ. ಪಟ್ಟಿಯ ಉದ್ದಕ್ಕೂ ಬೇರೆ ಬೇರೆ ಜಾಗದ ಕಲ್ಲುಗಳನ್ನು ಕೊಯ್ದು, ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಇಲ್ಮನೈಟ್ ಹಾಳೆಗಳ ದಪ್ಪವನ್ನು ಅಳೆಯಬೇಕು. ಎಲ್ಲ ಕಡೆಯೂ ಅದು ಒಂದೇ ಆಗಿರುವುದಿಲ್ಲ, ದಪ್ಪವಾಗಿರುವ ಕಡೆ ಬಿಡಿಸುವ ದಾರಿ ತೆರೆಯಬಹುದು. ಡೇವಿಸ್ ಟ್ಯೂಬಿನಲ್ಲಿ ನಾಲ್ಕೈದು ನುಣುಪುಗಳಲ್ಲಿ ಪರೀಕ್ಷಿಸಿ, ವನಾಡಿಯಂ ಎಷ್ಟು ಪಾಲು ಅಯಸ್ಕಾಂತದ ಕಡೆ ಬರುತ್ತದೆಂದು ನೋಡಬೇಕು. ಇಷ್ಟಕ್ಕೆ ದೊಡ್ಡ ಅನುದಾನ ಬೇಕಿಲ್ಲ, ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರ ಎರಡು ವರ್ಷದ ಶ್ರಮ ಸಾಕು. ಅನಂತರದ್ದು ಹುರಿಯುವ ಪ್ರಯೋಗ. ಅದರಲ್ಲಿ ಎಷ್ಟು ವನಾಡಿಯಂ ಸಿಕ್ಕಿತು ಎಂಬುದರ ಜೊತೆಗೆ, ಪ್ರತಿ ಕಿಲೋ ವನಾಡಿಯಂಗೆ ಸೋಡಿಯಂ ಮತ್ತು ಅಮೋನಿಯಾ ಬೆರೆತ ನೀರು ಎಷ್ಟು ಲೀಟರ್ ಉಳಿಯಿತು ಎಂಬುದನ್ನೂ ಅದೇ ಕೋಷ್ಟಕದಲ್ಲಿ ಬರೆಯಬೇಕು. ಆ ಸೀಮೆಯ ನೀರು ಕೊನೆಗೆ ಸೇರುವುದು ತುಂಗಭದ್ರೆಯ ಕಣಿವೆಯನ್ನೇ, ಅದರ ಕೆಳಗೆ ಗದ್ದೆ ತೋಟಗಳಿವೆ. ಆ ನೀರನ್ನು ಆವಿ ಮಾಡಿ ಲವಣವನ್ನು ಮರಳಿ ಬಳಸಲು ಎಷ್ಟು ಶಕ್ತಿ ಬೇಕೆಂದು ಲೆಕ್ಕ ಹಾಕಿ, ಅದನ್ನು ಅರೆಯುವ ವೆಚ್ಚದ ಪಕ್ಕದಲ್ಲಿಯೇ ಇಟ್ಟರೆ, ಚೀಟಿ ಬರೆದವರ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಹೇಳುವಷ್ಟು ಸಾಮಗ್ರಿ ಸಿಗುತ್ತದೆ.